ಮಿಡಿ ಫೈಲ್ ನೊಟೇಶನ್ ಮಾಡಿದ್ರ ಪೂರಾ ಗಜಿಬಿಜಿ, ಏನ್ ಮಾಡ್ಲಿ?

ದಾದ್ರಾ_ಕಲಬುರಗಿ:
ನಮಸ್ಕಾರ್ರಿ ಎಲ್ಲರಿಗೂ. ಒಂದ್ ವಚನಕ್ಕ ಭೀಮಪಲಾಸ ರಾಗದಾಗ ನಾನೇ ಧಾಟಿ ಹಚ್ಚೀನಿ, ದಾದ್ರಾ ತಾಳ (ಆರ್ ಮಾತ್ರೆ), ಸಾ ಅಂದ್ರ ಸಿ. ಕೀಬೋರ್ಡ್ ಬಾರಿಸಿ ಕ್ಯೂಬೇಸ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಾಗ ಮಿಡಿ (ದನಿ ಅಲ್ಲ, ಕೀ ಒತ್ತಿದ್ ಲೆಕ್ಕ) ರೆಕಾರ್ಡ್ ಮಾಡೀನಿ, ಕೇಳ್ಲಾಕ ಛಲೋ ಅದ. ಆದ್ರ ಸೊಲ್ಲಾಪುರದಿಂದ ಬರೋ ವಯೋಲಿನ್ ಹುಡುಗಗ ಸ್ಟಾಫ್ ನೊಟೇಶನ್ (ಐದ್ ಗೆರಿ ಮ್ಯಾಲ ಬರೆಯೋ ಸ್ವರಲಿಪಿ) ಬೇಕಂತ, ಅದ್ಕ ಫೈಲ್ ಮ್ಯೂಸ್‌ಸ್ಕೋರ್ ಅನ್ನೋ ನೊಟೇಶನ್ ಸಾಫ್ಟ್‌ವೇರ್‌ನಾಗ ತೆಗೆದು ಸೂಪರ್ ಮಾರ್ಕೆಟ್ ಕಡೆ ಪ್ರಿಂಟ್ ಹೊಡೆಸಿದ್ರ ಯಪ್ಪಾ, ಕಣದಾಗ ತೊಗರಿ ಚೆಲ್ಲಿದಂಗ ಬಂದದ. 4/4 (ನಾಕರ ತಾಳ) ತೋರಸ್ತದ, ಎಲ್ಲಿ ನೋಡಿದ್ರೂ ಟೈ (ಎರಡ್ ಸ್ವರ ಕೂಡ್ಸೋ ಕಮಾನು), ನಡುನಡುವ ಸಣ್ಣ ರೆಸ್ಟು (ಮೌನದ ಗುರುತು), ಕೋಮಲ ಗ ಇ ಫ್ಲಾಟ್ ಆಗೋದು ಹೋಗಿ ಡಿ ಶಾರ್ಪ್ ಆಗ್ಯಾದ. ಎರಡ್ ದಿನ ಮೌಸ್ ಹಿಡ್ಕೊಂಡು ತಿದ್ದಿ ಹೈರಾಣಾದೆ, ನಾಕ್ ಸಾಲ್ ಮುಗೀಲಿಲ್ಲ. ಕ್ಲಿಕ್ (ಲಯ ತೋರ್ಸೋ ಟಿಕ್ ಟಿಕ್ ಸಪ್ಪಳ) ಹಾಕ್ಕೊಂಡು ಬಾರಿಸಿಲ್ರಿ, ಅದೇ ತಪ್ಪೇನು?

ಬೀದರ್_ಬಾಜಾ:
ಅದೇ ರೀ ಸರ್. ಯಾವ ಕೀ ಯಾವಾಗ ಒತ್ತಿದ್ರಿ, ಎಷ್ಟ್ ಜೋರ್ ಒತ್ತಿದ್ರಿ, ಯಾವಾಗ ಬಿಟ್ರಿ, ಮಿಡಿದಾಗ ಹೆಚ್ಚುಕಡಿಮಿ ಇರೋದು ಇಷ್ಟೇ, ತಾಳ ನೀವೇ ಹೇಳ್ಬೇಕು. ಹೇಳಿಲ್ಲಂದ್ರ 120 ಟೆಂಪೊ 4/4 ಅಂತ ಹಿಡಿತದ, ನಿಮ್ ಕೈ ಬ್ಯಾರೆ ಲಯದಾಗ ಹೋಗಿರ್ತದ, ಬಾರ್ ಗೆರಿ (ಆವರ್ತನ ಬ್ಯಾರೆ ಮಾಡೋ ಗೆರಿ) ಎಲ್ಲರ ಬೀಳ್ತಾವ. ಸ್ವರ ತಿದ್ದೋದು ಬಿಡ್ರಿ, ಮೊದ್ಲು ಲಯ. ಕ್ಯೂಬೇಸ್‌ನಾಗ ಆ ಟ್ರ್ಯಾಕ್ ಲೀನಿಯರ್ ಟೈಂಬೇಸ್‌ಗ ಹಾಕ್ರಿ, ಅಂದ್ರ ಟೆಂಪೊ ಬದಲಾದ್ರೂ ಸ್ವರ ಇದ್ದಲ್ಲೇ ಇರ್ತಾವ (ಇದು ಮರೆತ್ರ ಟೆಂಪೊ ಬದಲಾದ್ ಕೂಡ್ಲೆ ಸ್ವರನೂ ಸರೀತಾವ, ನಾ ಒಂದ್ ಸಲಿ ಪೂರಾ ಹಾಡು ಕಳ್ಕೊಂಡೀನಿ), ಇನ್ನೊಂದ್ ಮಿಡಿ ಟ್ರ್ಯಾಕ್‌ನಾಗ ನಿಮ್ದೇ ಬಾರಿಸಿದ್ದು ಕೇಳ್ಕೋತ ಒಂದೇ ಕೀ ಮ್ಯಾಲ ಮಾತ್ರೆಗೊಂದ್ ಹೊಡ್ಕೋತ ಹೋಗ್ರಿ. ಆಮ್ಯಾಲ ಮೆನುದಾಗ ಮರ್ಜ್ ಟೆಂಪೊ ಫ್ರಂ ಟ್ಯಾಪಿಂಗ್ (ನಿಮ್ ಹೊಡೆತದಿಂದ ಟೆಂಪೊ ತೆಗೆಯೋದು) ಒತ್ರಿ, ಅದರಾಗ 1/8 ಆರಿಸ್ರಿ, ಪ್ರಾಜೆಕ್ಟ್ 6/8 ಮಾಡ್ರಿ. ಗೆರಿ ತಂತಾನೇ ಸಮ್ (ತಾಳದ ಮೊದಲ್ನೇ ಮಾತ್ರೆ) ಮ್ಯಾಲ ಬಂದು ನಿಂದರ್ತದ.

ಸಣ್ಣ ರೆಸ್ಟ್ ಯಾಕಂದ್ರ, ಒಂದ್ ಕ್ವಾರ್ಟರ್ ನೋಟ್ 480 ಟಿಕ್ (ಮಿಡಿ ಕಾಲ ಅಳೆಯೋ ಸಣ್ಣ ತುಣುಕು) ಅಂತ ತಿಳ್ಕೊಳ್ರಿ, ನೀವು ಸ್ವರ 35 ಟಿಕ್ ತಡ ಬಾರಿಸೀರಿ, ಕಿವಿಗಿ ಗೊತ್ತೇ ಆಗಂಗಿಲ್ಲ. 64ನೇ ನೋಟಿನ (ಕ್ವಾರ್ಟರ್‌ನ 16ನೇ ಪಾಲು) ಲೆಕ್ಕದಾಗ ಒಂದ್ ಮನಿ 30 ಟಿಕ್, ಹಂಗಾಗಿ ಅದು ಮುಂದ 64ರ ರೆಸ್ಟ್ ಛಾಪಿಸ್ತದ. 16ಕ್ಕ ಇಟ್ರ ಮನಿ 120, ಸ್ವರ ವಾಪಸ್ ತನ್ ಜಾಗಕ್ಕೇ ಹೋಗ್ತದ. ಟ್ರ್ಯಾಕ್ ನಕಲು ಮಾಡ್ಕೊಂಡು ನಕಲಿನ್ ಮ್ಯಾಲೇ ಕ್ವಾಂಟೈಜ್ (ಸ್ವರ ಹತ್ತಿರದ ಮನಿಗಿ ಕೂಡ್ಸೋದು) ಮಾಡ್ರಿ, ಕೇಳೋದ್ ಬ್ಯಾರೆ ಛಾಪಿಸೋದ್ ಬ್ಯಾರೆ.

ಯಾದಗಿರಿ_ಪೇಟಿ:
ಡಿ ಶಾರ್ಪ್ ಇರಲಿ ಇ ಫ್ಲಾಟ್ ಇರಲಿ ಮಿಡಿಗಿ ಎರಡೂ ಒಂದೇ ನಂಬರ್ರಿ, ನಡುವಿನ ಸಿ 60 ಆದ್ರ ಇದು 63. ಮ್ಯೂಸ್‌ಸ್ಕೋರ್‌ನಾಗ ಕೀ ಸಿಗ್ನೇಚರ್ (ಸಾಲಿನ ಸುರುವಿಗಿ ಬರೋ ಶಾರ್ಪ್-ಫ್ಲಾಟ್ ಗುರುತು) ಎರಡ್ ಫ್ಲಾಟ್ ಇಡ್ರಿ, ಕೋಮಲ ಗ ಕೋಮಲ ನಿ ಎರಡೂ ಅದರಾಗೇ ಬರ್ತಾವ, ಉಳಿದದ್ದಕ್ಕ ಎಲ್ಲಾ ಸೆಲೆಕ್ಟ್ ಮಾಡಿ ರೀಸ್ಪೆಲ್ ಪಿಚಸ್ (ಸ್ವರದ ಹೆಸರು ತಿದ್ದೋದು) ಒತ್ರಿ. ವಯೋಲಿನ್‌ದವ ಎರಡ್ ಫ್ಲಾಟ್ ನೋಡಿ ಇದು ಬಿ ಫ್ಲಾಟ್ ಮೇಜರ್ ಅಂತ ವಾದ ಮಾಡಿದ್ರ ಮಾಡ್ಲಿ ಬಿಡ್ರಿ. ಕೀಬೋರ್ಡಿನ ಪಿಚ್ ವ್ಹೀಲ್ ತಿರುಗಿಸಿ ಮೀಂಡ್ (ಸ್ವರದಿಂದ ಸ್ವರಕ್ಕ ಜಾರೋದು) ತೆಗೆದಿದ್ರ ಅದು ಕಾಗದದಾಗ ಬರಂಗಿಲ್ಲ, ಗೆರಿ ನೀವೇ ಎಳೀಬೇಕು.

ಖರೆ ಹೇಳಬೇಕಂದ್ರ ಹಾಡು ಮೂರ್ನಾಕ್ ನಿಮಿಷದ್ದೇ ಇದ್ರ ಇಷ್ಟೆಲ್ಲ ಯಾಕ ಬೇಕ್ರಿ, ಕ್ಲಿಕ್ ಹಾಕಿ ಕಣ ಸ್ವರ (ಮುಖ್ಯ ಸ್ವರಕ್ಕ ತಾಗಿ ಬರೋ ಸಣ್ಣ ಸ್ವರ) ಬಿಟ್ಟು ಸಪಾಟ್ ಇನ್ನೊಂದ್ ಸಲಿ ಬಾರಿಸ್ರಿ, ಚಾ ಆರೋದ್ರಾಗ ಮುಗೀತದ.

ಬೀದರ್_ಬಾಜಾ:
ಸಪಾಟ್ ಬಾರಿಸಿದ್ರ ಅವಂಗ ಧಾಟಿ ಹೆಂಗ ತಿಳೀಬೇಕ್ರಿ ಅಣ್ಣಾರ?

ಯಾದಗಿರಿ_ಪೇಟಿ:
ಕಣ ಸ್ವರ ಗ್ರೇಸ್ ನೋಟ್ ಅಂತ ಆಮ್ಯಾಲ ಕೈಲೆ ಹಾಕೋದು, ಹತ್ತಿಪ್ಪತ್ತು ಇರ್ತಾವ ಅಷ್ಟೇ.

ದಾದ್ರಾ_ಕಲಬುರಗಿ:
ಎರಡೂ ಮಾಡಿದೆ. ಟ್ಯಾಪಿಂಗ್‌ದು ಎರಡನೇ ಸಲಕ್ಕ ಕುಂತ್ತು, ಮೊದಲ್ನೇ ಸಲಿ ಲೀನಿಯರ್ ಮರ್ತಿದ್ದೆ 😅 ಈಗ ಎರಡ್ ಪಾನಾದಾಗ ಬಂದದ, ಮೊದ್ಲು ಏಳಿತ್ತು. ಸುರುವಿನ ಆಲಾಪಕ್ಕ ತಾಳನೇ ಇಲ್ಲಲ್ರಿ, ಅದು ಯಾವ ಲೆಕ್ಕಕ್ಕೂ ಸಿಗ್ಲಿಲ್ಲ, ಅಷ್ಟು ಜಾಗ ಖಾಲಿ ಬಿಟ್ಟು ಬಾರ್ ಗೆರಿ ಇಲ್ದಂಗ ಪೆನ್ನಿಲೇ ಬರ್ದೀನಿ.