ಜಪಾನಿನಲ್ಲಿ ಪತ್ನಿಯ ಅಧ್ಯಾಪನ, ನನ್ನ ಸ್ವತಂತ್ರ ವೃತ್ತಿ

ಪ್ರಶ್ನೆ: ಪತ್ನಿಗೆ ಮಾತ್ಸುಯಾಮಾದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿದೆ. ನಾನು ಅವಲಂಬಿತ ವೀಸಾದಲ್ಲಿ ಜೊತೆಗೆ ಹೋಗುತ್ತಿದ್ದೇನೆ. ಪಠ್ಯಪುಸ್ತಕಗಳಿಗೆ ಚಿತ್ರ ಬರೆಯುವುದು ನನ್ನ ವೃತ್ತಿ, ಪ್ರಕಾಶಕರೆಲ್ಲ ಬೆಂಗಳೂರಿನವರು. ಹಣ ಭಾರತದ ಖಾತೆಗೇ ಬರುವುದರಿಂದ ಅನುಮತಿ ಬೇಡ ಎನ್ನುತ್ತಾರೆ ಕೆಲವರು. ನಿಜವೇ? ಕುಂಚ ಕೆಳಗಿಟ್ಟು ಕೂರುವುದು ನನ್ನಿಂದಾಗದು.

ಉತ್ತರ 1: ದಯವಿಟ್ಟು ನಂಬಬೇಡಿ. ನೀವು ಕುಳಿತು ದುಡಿಯುವ ಜಾಗ ಜಪಾನ್ ಆದರೆ ಅಲ್ಲಿನ ನಿಯಮವೇ ಅನ್ವಯ. ವಲಸೆ ಕಚೇರಿಯಿಂದ 'ಶಿಕಾಕುಗಾಯ್ ಕಾತ್ಸುದೋ' ಅನುಮತಿ, ಅಂದರೆ ವೀಸಾದ ವ್ಯಾಪ್ತಿಗೆ ಹೊರತಾದ ಕೆಲಸ ಮಾಡಲು ಒಪ್ಪಿಗೆ, ಪಡೆಯಬೇಕು, ಅರ್ಜಿಗೆ ಶುಲ್ಕವಿಲ್ಲ. ಸಾಮಾನ್ಯವಾಗಿ ಸಿಗುವುದು ವಾರಕ್ಕೆ 28 ಗಂಟೆಗಳ ಮಿತಿಯ ಅನುಮತಿ. ಆದರೆ ದುಡಿದ ಗಂಟೆಗಳಿಗೆ ಸ್ಪಷ್ಟ ಲೆಕ್ಕವಿಲ್ಲದ ಗುತ್ತಿಗೆ ಕೆಲಸಕ್ಕೆ ಪ್ರತ್ಯೇಕ ಅನುಮತಿ ಬೇಕಾಗುತ್ತದೆ. ನಿಮ್ಮಂಥ ಚಿತ್ರಕಾರರಿಗೆ ತೊಡಕಾಗುವುದು ಇಲ್ಲಿಯೇ. ಹೊರಡುವ ಮೊದಲೇ ಪ್ರಕಾಶಕರಿಂದ ಲಿಖಿತ ಒಪ್ಪಂದ ಮಾಡಿಸಿಕೊಳ್ಳಿ.

ಉತ್ತರ 2: ತೆರಿಗೆಯನ್ನೂ ಮರೆಯಬೇಡಿ. ಸ್ವತಂತ್ರ ಆದಾಯದ ವಿವರವನ್ನು ಫೆಬ್ರುವರಿ 16ರಿಂದ ಮಾರ್ಚ್ 15ರೊಳಗೆ ಸಲ್ಲಿಸುವುದು ಅಲ್ಲಿನ ಕ್ರಮ. ವಾರ್ಷಿಕ ಆದಾಯ 13 ಲಕ್ಷ ಯೆನ್ ಮುಟ್ಟಿದರೆ ಪತ್ನಿಯ ಆರೋಗ್ಯ ವಿಮೆಯಲ್ಲಿ ಅವಲಂಬಿತರಾಗಿ ಉಳಿಯುವುದು ಕಷ್ಟ.

ಪ್ರಶ್ನಿಸಿದವರು: ಇಬ್ಬರಿಗೂ ಕೃತಜ್ಞತೆಗಳು. ಒಪ್ಪಂದಕ್ಕಾಗಿ ಪ್ರಕಾಶಕರಿಗೆ ಇಂದೇ ಬರೆಯುತ್ತೇನೆ.