10 ಮೀಟರ್ ದೂರದಲ್ಲಿ ಲೇಸರ್ ಕಿರಣ: ಲೆಕ್ಕದಲ್ಲಿ ಚೌಕುಳಿ ಪಟ್ಟಿ ಯಾಕೆ ಬರ್ತದೆ?

ಪ್ರಶ್ನೆ (ಬಳ್ಳಾರಿ, ಎಂ.ಎಸ್ಸಿ. ಪ್ರಾಜೆಕ್ಟ್)
ಹೀಲಿಯಂ-ನಿಯಾನ್ ಲೇಸರ್, 632.8 ನ್ಯಾನೋಮೀಟರ್, ಬೀಮ್ ವೇಸ್ಟ್ (ಕಿರಣ ಅತಿ ಸಣ್ಣಗಿರುವ ಜಾಗ) ತ್ರಿಜ್ಯ 0.4 ಮಿ.ಮೀ. ಕಿರಣ ಮುಂದೆ ಹೇಗೆ ಹರಡ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ: ಆಂಗ್ಯುಲರ್ ಸ್ಪೆಕ್ಟ್ರಮ್ ವಿಧಾನ (ಬೆಳಕನ್ನು ಬೇರೆ ಬೇರೆ ದಿಕ್ಕಿನ ಅಲೆಗಳಾಗಿ ಒಡೆದು ಮುಂದೆ ಸಾಗಿಸುವುದು), ಪೈಥಾನ್ ಭಾಷೆಯ ನಂಪೈ ಲೈಬ್ರರಿಯ ಎಫ್‌ಎಫ್‌ಟಿ (ವೇಗದ ಫೂರಿಯರ್ ಪರಿವರ್ತನೆ). ಗ್ರಿಡ್ 1024×1024, ಬಿಂದುಗಳ ಅಂತರ 10 ಮೈಕ್ರಾನ್. 1 ಮೀಟರ್‌ವರೆಗೆ ಸರಿ ಬರ್ತದೆ, 10 ಮೀಟರ್‌ಗೆ ಅಂಚಿನಲ್ಲೆಲ್ಲ ಚೌಕುಳಿ ಪಟ್ಟಿ. ಒಟ್ಟು ಶಕ್ತಿ ಚೂರೂ ಕಡಿಮೆಯಾಗಿಲ್ಲ. ಇದು ನಿಜವಾದ ವಿವರ್ತನೆಯೇ (ಬೆಳಕು ಅಂಚಿನಲ್ಲಿ ಬಾಗಿ ಹರಡುವುದು)?

ಉತ್ತರ 1 (ರಾಯಚೂರು)
ಅಲ್ಲರೀ. ದಾರಿಯಲ್ಲಿ ರಂಧ್ರ, ಬ್ಲೇಡು ಏನೂ ಅಡ್ಡ ಬರದಿದ್ದರೆ ಗೌಸಿಯನ್ ಕಿರಣ (ನಡುವೆ ಬೆಳಕು ಹೆಚ್ಚು, ಹೊರಗೆ ಹೋದಂತೆ ಗಂಟೆಯಾಕಾರದಲ್ಲಿ ಕಡಿಮೆ) ಎಷ್ಟು ದೂರ ಹೋದರೂ ಗೌಸಿಯನ್ನೇ. ಮೊದಲು ಕೈಲೆಕ್ಕ ಮಾಡಿ: ಪೈ × ತ್ರಿಜ್ಯದ ವರ್ಗ ÷ ತರಂಗಾಂತರ, ಅಂದರೆ ರೇಲೀ ದೂರ (ಇದನ್ನು ದಾಟಿದ ಮೇಲೆ ಕಿರಣ ಎದ್ದು ಕಾಣುವಂತೆ ಅಗಲವಾಗುತ್ತದೆ) ಸುಮಾರು 0.79 ಮೀಟರ್. 10 ಮೀಟರ್ ಅದರ 12.6 ಪಟ್ಟು, ಅಲ್ಲಿ ತ್ರಿಜ್ಯ ಸುಮಾರು 5.05 ಮಿ.ಮೀ., ವ್ಯಾಸ 10.1. ನಿಮ್ಮ ಗ್ರಿಡ್‌ನ ಅಗಲವೇ 10.24! ಗ್ರಿಡ್ಡಿನ ಪ್ರತಿ ಅಂಚಿನ ನಟ್ಟನಡುವೆ ಇನ್ನೂ ಕಿರಣದ ಕೇಂದ್ರದಲ್ಲಿರುವ ತೀವ್ರತೆಯ ಸುಮಾರು 13% ಉಳಿದಿದೆ. ಎಫ್‌ಎಫ್‌ಟಿ ಬಲ ಅಂಚನ್ನು ಎಡ ಅಂಚಿಗೆ ಹೊಲಿದುಬಿಡುತ್ತದೆ. ಬಲಗಡೆ ದಾಟಿದ ಬೆಳಕು ಎಡಗಡೆಯಿಂದ ಒಳಬಂದು ವ್ಯತಿಕರಣವಾಗುತ್ತದೆ (ಅಲೆಗಳು ಒಂದರ ಮೇಲೊಂದು ಬಿದ್ದು ಕೆಲವೆಡೆ ಕೂಡಿ, ಕೆಲವೆಡೆ ಅಳಿಯುತ್ತವೆ), ಅದೇ ಆ ಪಟ್ಟಿ. ಬೆಳಕು ಗ್ರಿಡ್ ಬಿಟ್ಟು ಹೋಗುವುದೇ ಇಲ್ಲವಾದ್ದರಿಂದ ಒಟ್ಟು ಶಕ್ತಿ ನೋಡಿ ಈ ತಪ್ಪು ಹಿಡಿಯಲಾಗದು. ದಯವಿಟ್ಟು ಆ ಪರೀಕ್ಷೆಯೊಂದನ್ನೇ ನಂಬಬೇಡಿ.

ಅಂತರ 20 ಮೈಕ್ರಾನ್, ಗ್ರಿಡ್ 2048×2048 ಮಾಡಿ. ಅಗಲ 40.96 ಮಿ.ಮೀ. ಆಗುತ್ತದೆ, ಆರಂಭದ ತ್ರಿಜ್ಯಕ್ಕೆ 20 ಬಿಂದು ಸಿಗುತ್ತವೆ, ಸಾಕು. ಗ್ರಿಡ್ಡಿನ ಎಲ್ಲ ಬಿಂದುಗಳ ಸಂಕೀರ್ಣ ಸಂಖ್ಯೆಗಳನ್ನಿಡುವ ಒಂದು ಅರೇಗೆ 64 ಎಂಬಿ ಮೆಮೊರಿಯಷ್ಟೇ.

ಉತ್ತರ 2 (ಕೊಪ್ಪಳ)
ಮೆಮೊರಿ ಉಳಿಸಲು 32 ಬಿಟ್‌ಗೆ ಇಳಿಯಬೇಡಿ. 10 ಮೀಟರ್‌ಗೆ ಒಟ್ಟು ಫೇಸ್ (ಅಲೆ ಎಷ್ಟು ಸುತ್ತು ಮುಂದೆ ಸಾಗಿದೆ ಎಂಬ ಕೋನ) ಸುಮಾರು 10 ಕೋಟಿ ರೇಡಿಯನ್. ಆ ಗಾತ್ರದಲ್ಲಿ 32 ಬಿಟ್ ಸಂಖ್ಯೆಗಳ ನಡುವೆಯೇ 8ರ ಅಂತರವಿರುತ್ತದೆ, ಫೇಸ್ ಪೂರ್ತಿ ಕಸ. 64 ಬಿಟ್ ಇಡಿ, ಇಲ್ಲವೇ ಎಲ್ಲ ಬಿಂದುಗಳಿಗೂ ಸಮಾನವಾದ ಫೇಸನ್ನು ಸೂತ್ರದಲ್ಲೇ ತೆಗೆದುಹಾಕಿ.

ಪ್ರಶ್ನೆ ಕೇಳಿದವರು
2048ಕ್ಕೆ ಪಟ್ಟಿ ಹೋದವು, ತ್ರಿಜ್ಯ 5.05 ಬಂತು. ಧನ್ಯವಾದ ಸರ್. ಇದನ್ನು ಲ್ಯಾಬಿನಲ್ಲಿ ಅಳೆಯುವುದು ಹೇಗೆ?

ಉತ್ತರ 1 (ರಾಯಚೂರು)
ಶೇವಿಂಗ್ ಬ್ಲೇಡನ್ನು ಮೈಕ್ರೋಮೀಟರ್ ಸ್ಟೇಜ್‌ಗೆ ಕಟ್ಟಿ 0.5 ಮಿ.ಮೀ. ಹೆಜ್ಜೆಯಲ್ಲಿ ಕಿರಣಕ್ಕೆ ಅಡ್ಡ ಸರಿಸಿ. ಶಕ್ತಿ 84%ರಿಂದ 16%ಕ್ಕೆ ಇಳಿಯುವ ದೂರವೇ ತ್ರಿಜ್ಯ. ಫೋಟೋಡಯೋಡ್ ಚಿಕ್ಕದು, ಬ್ಲೇಡಿನ ಹಿಂದೆ ಮಸೂರ ಇಟ್ಟು ಬೆಳಕನ್ನೆಲ್ಲ ಅದರೊಳಕ್ಕೆ ಕೂಡಿಸಬೇಕು. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ಕಾರಿಡಾರ್‌ನಲ್ಲಿ ಬಿಸಿಗಾಳಿಗೆ ಚುಕ್ಕೆ ಕುಣಿಯುತ್ತಿರುತ್ತದೆ; ಬೆಳಗಿನ ಜಾವ, ಫ್ಯಾನ್ ಆರಿಸಿ ಅಳೆಯಿರಿ. 2 ಮೀಟರ್, 5 ಮೀಟರ್‌ನಲ್ಲೂ ಅಳೆಯಿರಿ. ಎಲ್ಲ ಕಡೆ ಲೆಕ್ಕಕ್ಕಿಂತ ಹೆಚ್ಚು ಬಂದರೆ ನಿಮ್ಮ ಲೇಸರ್‌ನ ವೇಸ್ಟ್ 0.4 ಅಲ್ಲ, ಅದಕ್ಕಿಂತ ಸಣ್ಣದಿರಬೇಕು, ಅಥವಾ ಕಿರಣ ಶುದ್ಧ ಗೌಸಿಯನ್ ಅಲ್ಲ.