ಭಾನುವಾರ ರಾತ್ರಿಯ ಹಟ: ಓದುಗರ ಸ್ಪಂದನ

ಸಮಸ್ಯೆ: ವಿಚ್ಛೇದನವಾಗಿ ಒಂದೂವರೆ ವರ್ಷ. ಏಳು ವರ್ಷದ ಮಗ ನನ್ನ ಜೊತೆ ಇದ್ದಾನೆ. ತಿಂಗಳಿಗೆ ಎರಡು ಭಾನುವಾರ ಅಪ್ಪನ ಮನೆಗೆ ಹೋಗಿ ರಾತ್ರಿ ಒಂಬತ್ತಕ್ಕೆ ಬರುತ್ತಾನೆ. ಬಂದವನಿಗೆ ಊಟ ಬೇಡ, ಮಾತು ಬೇಡ, ಎಲ್ಲಕ್ಕೂ ಹಟ. ನಾನು ಕೂಗಾಡುತ್ತೇನೆ. ಅವನು ಮಲಗಿದ ಮೇಲೆ ಕೂತು ಅಳುತ್ತೇನೆ. ಏನು ಮಾಡಲಿ?
– ಓದುಗಿ, ಮೈಸೂರು

ತಂಗಿ, ನಾನೂ ಇದನ್ನೇ ದಾಟಿ ಬಂದವಳು. ಮಗಳು ಚಪ್ಪಲಿ ಬಿಡುವ ಮುಂಚೆಯೇ ಶುರು ಮಾಡುತ್ತಿದ್ದೆ. ಏನು ತಿಂದೆ, ಯಾರು ಬಂದಿದ್ರು, ನನ್ನ ಬಗ್ಗೆ ಏನಂದ್ರು? ಒಂದಿನ ಅವಳು, ‘ಅಲ್ಲಿ ಅಜ್ಜಿನೂ ಹೀಗೇ ಕೇಳ್ತಾರೆ’ ಅಂದಳು. ಪಾಪ, ಎರಡೂ ಕಡೆ ವಿಚಾರಣೆ! ಅವತ್ತೇ ನಿಲ್ಲಿಸಿದೆ. ಆಗ ಅವರೆಕಾಯಿ ಕಾಲ. ಮೊರದ ತುಂಬ ಸುರಿದುಕೊಂಡು ಇಬ್ಬರೂ ಸುಮ್ನೆ ಸುಲಿಯುತ್ತಾ ಕೂರುತ್ತಿದ್ದೆವು. ಎದುರು ಕೂರಿಸಿಕೊಂಡು ಕೇಳಿದರೆ ಬಾಯಿ ಬಿಡದ ಹುಡುಗಿ, ಕಾಯಿ ಸುಲಿಯುವಾಗ ತಾನಾಗೇ ಮಾತಾಡಿದಳು. ಎಲ್ಲ ವಾರವೂ ಅಲ್ಲ. ಅವರೆಕಾಯಿ ಮುಗಿದ ಮೇಲೆ ಬೆಳ್ಳುಳ್ಳಿ ಸುಲಿದೆವು.

ಕೂಗಾಡಿದ ದಿನ ಮಲಗುವ ಮುಂಚೆ ‘ನಾನು ಕೂಗಿದ್ದು ತಪ್ಪು’ ಅಂತ ಅವನಿಗೆ ಹೇಳಿಬಿಡಿ. ‘ಆದ್ರೆ ನೀನೂ...’ ಅಂತ ಬಾಲ ಸೇರಿಸಬೇಡಿ. ನನಗೆ ಆ ಬಾಲ ಬಿಡುವುದಕ್ಕೇ ಒಂದು ವರ್ಷ ಹಿಡಿಯಿತು.
– ಶಿವಮೊಗ್ಗದಿಂದ ಒಬ್ಬ ತಾಯಿ

ಅಕ್ಕಾ, ನಾನು ನಿಮ್ಮ ಮಗನ ಜಾಗದಲ್ಲಿದ್ದವನು. ಈಗ ನನಗೆ 34. ಅಪ್ಪನ ಹತ್ತಿರ ಖುಷಿಯಾಗಿದ್ದೆ ಅಂದರೆ ಅಮ್ಮನಿಗೆ ಬೇಜಾರಾಗುತ್ತೆ ಅನ್ನೋ ಭಯಕ್ಕೆ ಮುಖ ಊದಿಸಿಕೊಂಡೇ ಮನೆಗೆ ಬರುತ್ತಿದ್ದೆ. ಹಟ ಅಂತ ಎಲ್ಲರೂ ಅಂದುಕೊಂಡರು. ‘ಥೇಟ್ ನಿಮ್ಮಪ್ಪನ ಥರ’ ಅಂತ ಬೈಯೋದೊಂದು ಬೇಡ. ಅಮ್ಮ ಮರೆತಿದ್ದಾರೆ, ನಾನು ಮರೆತಿಲ್ಲ.
– ಹುಬ್ಬಳ್ಳಿಯ ಓದುಗ

ಏಳು ವರ್ಷದ ಮಗು ರಾತ್ರಿ ಒಂಬತ್ತಕ್ಕೆ ಮನೆ ಸೇರಿ ಬೆಳಿಗ್ಗೆ ಶಾಲೆಗೆ ಓಡಬೇಕು ಅಂದರೆ ಹಟ ಮಾಡದೆ ಏನು ಮಾಡುತ್ತೆ? ಸಂಜೆ ಐದಕ್ಕೇ ಕಳಿಸಲು ಅವರಪ್ಪನನ್ನು ಕೇಳಿ. ಒಪ್ಪದಿದ್ದರೂ ದಾರಿ ಇದೆ. ನಿಮ್ಮದು ಹಿಂದೂ ವಿವಾಹ ಕಾಯ್ದೆಯಡಿ ಆದ ವಿಚ್ಛೇದನವಾದರೆ, ಡಿಕ್ರಿ (ಕೋರ್ಟಿನ ತೀರ್ಪು) ಆದ ಮೇಲೂ ಮಗುವಿನ ವಿಷಯದ ಆದೇಶ ಬದಲಿಸಲು 26ನೇ ಕಲಮಿನಲ್ಲಿ ಅರ್ಜಿ ಹಾಕಬಹುದು. ಅರ್ಜಿಗೆ ಮುಂಚೆ ಮಾತುಕತೆ ನೋಡಿ. ಕೋರ್ಟು ಅಲೆದು ಸುಸ್ತಾದವರನ್ನು ನಾನು ಜಾಸ್ತಿನೇ ನೋಡಿದ್ದೇನೆ.

ಇನ್ನು ನೀವು ಒಬ್ಬರೇ ಕೂತು ಅಳುವ ವಿಷಯ. 14416 ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ.
– ವಕೀಲೆ, ಬೆಂಗಳೂರು

ಭಾನುವಾರ ರಾತ್ರಿ ಒಲೆ ಹಚ್ಚಲೇಬೇಡಿ. ಇಡ್ಲಿ ಪಾರ್ಸಲ್ ತಂದಿಡಿ. ಅವನು ತಿಂದರೆ ತಿಂದ, ಇಲ್ಲದಿದ್ದರೆ ಬೆಳಿಗ್ಗೆ ಒಗ್ಗರಣೆ ಹಾಕಿ ಇಡ್ಲಿ ಉಪ್ಪಿಟ್ಟು!
– ಮಂಗಳೂರಿನ ಓದುಗಿ